ಎಲ್ಲಿಗೂ ಹೋಗದ ಸೈಕಲ್ಲಿನ ಎರಡು ಲೆಕ್ಕ

ಆಗುವುದಿಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಬೇರೆಯವರೂ ಮನಸ್ಸಿನಲ್ಲಿ ಅಂದುಕೊಂಡಿರಬಹುದು, ಆದರೆ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನಾನು ಎಂಜಿನಿಯರಿಂಗ್ ಸೇರಿದ ವಾರ ನಮ್ಮ ಜಗಲಿಯಲ್ಲಿ ಕುಳಿತು, ಚಾ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತಾ ಹೇಳಿದರು:

“ಹೆಣ್ಣೇ, ಬೇಜಾರ್ ಮಾಡ್ಕಣ್ಬೇಡ. ಡಿಗ್ರಿ ಅಂಬ್ದ್ ನಮ್ಮನಿಯರಿಗ್ ಆಪುದಲ್ಲ. ನಾ ಬೊಂಬಾಯಂಗೆ ಅಷ್ಟ್ ವರ್ಷ ಡಿಗ್ರಿ ಮಾಡ್ದರಿಗೆ ಇಡ್ಲಿ ಬಡ್ಸಿದೆ. ಅವ್ರ್ ಕುರ್ಚಿಯಂಗೆ ಕೂಕಂಬ ನಮೂನಿಯೇ ಬೇರೆ.”

“ನೀ ಚಾ ಕುಡ್ದ್ ಏಳ್ ಕಾಂಬ” ಎಂದು ಅಮ್ಮ ಒಳಗಿನಿಂದ ತಮ್ಮನನ್ನು ಗದರಿಸಿದಳು. ಮಾವಯ್ಯ ನಗುತ್ತಾ ಎದ್ದರು. ಹೋಗುವಾಗ ನನ್ನ ತಲೆ ಮುಟ್ಟಿಯೇ ಹೋದರು. ಕೆಟ್ಟವರಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬೈಯ ಕ್ಯಾಂಟೀನು ಸೇರಿ, ಕೊನೆಗೆ ಊರಿಗೆ ಬಂದು ಮೀನಿನ ಟೆಂಪೊ ಇಟ್ಟುಕೊಂಡು ಬೈಂದೂರಿನಲ್ಲಿ ಮನೆ ಮಾಡಿದವರು. ಅವರು ಕಂಡ ಲೋಕದಲ್ಲಿ ಓದಿದವರು ಮೇಜಿನ ಆಚೆ, ನಾವು ಈಚೆ. ನಾನು ಮೇಜು ದಾಟಿ ಆಚೆ ಹೋಗಿ ಬಿದ್ದರೆ ಪೆಟ್ಟಾಗುತ್ತದೆ ಎಂಬುದು ಅವರ ಹೆದರಿಕೆ. ಇದು ನನಗೆ ಈಗ ಅರ್ಥವಾಗುತ್ತದೆ. ಆಗ ಸಿಟ್ಟು ಬಂದಿತ್ತು, ಅಷ್ಟೇ.

ನಮ್ಮ ಮನೆ ಕೋಟೇಶ್ವರದಲ್ಲಿ ಬಸ್ಸಿಳಿದು ಪಡುವಣಕ್ಕೆ ನಡೆದರೆ ಕಡಲಿಗೆ ತಾಗಿಕೊಂಡು ಇದೆ. ಅಪ್ಪಯ್ಯ ಬಂದರಿನಲ್ಲಿ ಮೀನು ಹಿಡಿದು, ಅಂದರೆ ಏಲದಲ್ಲಿ ಕೊಂಡು, ಹಾಲಾಡಿ ಕಡೆ ಒಯ್ದು ಮಾರುವವರು. ಈಗ ಮೊಪೆಡ್ಡು. ನಾನು ಸಣ್ಣವಳಿದ್ದಾಗ ಸೈಕಲ್ಲು. ಹಿಂದಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ, ಐಸು ತುಂಬಿ, ಏರು ಹತ್ತಿ ಹೋಗುತ್ತಿದ್ದರು. ಆ ಸೈಕಲ್ಲಿನಲ್ಲೇ ನಾನು ಒಳಪೆಡಲು ಹೊಡೆದು ಕಲಿತದ್ದು. ಪೆಟ್ಟಿಗೆಯಿಂದ ಉಪ್ಪುನೀರು ಗಾಲಿಯ ಮೇಲೆ ಸೋರುತ್ತಿತ್ತು. ಅದು ಸಾಲದೆಂಬಂತೆ ಕಡಲ ಗಾಳಿ ಬೇರೆ. ನಮ್ಮಲ್ಲಿ ಕಬ್ಬಿಣವೆಂಬುದು ಸುಮ್ಮನೆ ಇಟ್ಟರೆ ಉಳಿಯುವ ವಸ್ತುವಲ್ಲ. ಬೀಗ, ಕತ್ತಿ, ಬಾಗಿಲ ತಿರುಗಣಿ, ಹೊಲಿಗೆ ಯಂತ್ರದ ಚಕ್ರ, ಎಲ್ಲಕ್ಕೂ ಅಪ್ಪಯ್ಯನ ಎಣ್ಣೆ ಬಟ್ಟೆ ಓಡಾಡಬೇಕು. ತೆಂಗಿನೆಣ್ಣೆಗೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿ ಒದ್ದೆ ಮಾಡಿದ ಹಳೆಯ ಪಂಚೆಯ ತುಂಡು ಅದು. ಬೆಳಿಗ್ಗೆ ಬಂದರಿಗೆ ಹೊರಡುವ ಮೊದಲು ಮನೆಯ ಕಬ್ಬಿಣಕ್ಕೆಲ್ಲ ಒಂದು ಸುತ್ತು ಕೈಯಾಡಿಸುವುದು ಅವರ ಪದ್ಧತಿ. ಕೆಲವರು ದೇವರಿಗೆ ದೀಪ ಹಚ್ಚುವಷ್ಟೇ ನಿಯಮದಲ್ಲಿ.

ಕಾಲೇಜು ಬ್ರಹ್ಮಾವರದ ಕಡೆ. ಹೆದ್ದಾರಿಯಲ್ಲಿ ಬಸ್ಸು. ಹತ್ತರವರೆಗೆ ಕನ್ನಡದಲ್ಲಿ ಓದಿದ ನನಗೆ ಮೊದಲ ವರ್ಷದ ಗಣಿತ ಹಲ್ಲಿಗೆ ಸಿಕ್ಕಿದ ಕಲ್ಲು. ಒಮ್ಮೆ ಹೋಯಿತು, ಮತ್ತೊಮ್ಮೆಯೂ ಹೋಯಿತು. ಮಾವಯ್ಯ ಮೀನು ಇಳಿಸಿ ಹೋಗುವಾಗ ನನ್ನನ್ನು ಕಂಡು ಒಂದು ನಮೂನೆ ತಲೆಯಾಡಿಸಿದರು. ಬೈದಿದ್ದರೇ ವಾಸಿಯಿತ್ತು. ಮೂರನೇ ಸಲ ಗಣಿತ ದಾಟಿತು. ಕೊನೆಯ ವರ್ಷಕ್ಕೆ ಬರುವಾಗ ನನ್ನ ಮತ್ತು ಡಿಗ್ರಿಯ ನಡುವೆ ಉಳಿದದ್ದು ಒಂದೇ: ಪ್ರಾಜೆಕ್ಟು. ಅದಕ್ಕೆ ಗೈಡಿನ ಸಹಿ ಬೀಳಬೇಕು, ಹೊರಗಿನಿಂದ ಬಂದವರ ಎದುರು ನಿಂತು ಉತ್ತರ ಹೇಳಬೇಕು. ಇಲ್ಲವಾದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಎಂದರೆ ನಮ್ಮ ಮನೆಯಲ್ಲಿ ಕಾಲೇಜು ಮುಗಿಯಿತು ಎಂದೇ ಅರ್ಥ. ಅಮ್ಮನ ಬಾಯಲ್ಲಿ ಆಗಲೇ ಒಂದೆರಡು ಗಂಡಿನ ಸುದ್ದಿ ಬಂದುಹೋಗಿತ್ತು.

ನಮ್ಮ ಗೈಡ್ ಸರ್ ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು ಹಾಕಿ ದೂರದೂರ ಸೈಕಲ್ ಹೊಡೆಯುವವರು. ಅವರದೇ ಎರಡು ಸಾಮಾನು ಇದ್ದವು. ಒಂದು, ಅವರ ಸೈಕಲ್ಲಿನಲ್ಲಿ ಪೆಡಲು ಸಿಕ್ಕಿಸುವ ಕ್ರ್ಯಾಂಕಿಗೆ ಕೂರಿಸಿದ ಪವರ್ ಮೀಟರು. ಕಾಲು ಎಷ್ಟು ಬಲವಾಗಿ ತುಳಿಯುತ್ತಿದೆ ಎಂದು ಅದು ವ್ಯಾಟಿನಲ್ಲಿ ಹೇಳುತ್ತದೆ. ಬಲ್ಬಿನ ಮೇಲೆ ಬರೆದಿರುತ್ತದಲ್ಲ, ಅದೇ ವ್ಯಾಟು. ಇನ್ನೊಂದು, ಟ್ರೈನರು. ಸೈಕಲ್ಲಿನ ಹಿಂದಿನ ಭಾಗವನ್ನು ಅದರ ಕಾಲುಗಳ ನಡುವೆ ಬಿಗಿದರೆ ಹಿಂದಿನ ಗಾಲಿ ಒಂದು ಲೋಹದ ರೋಲರಿನ ಮೇಲೆ ಕೂರುತ್ತದೆ. ತುಳಿದರೆ ಗಾಲಿ ತಿರುಗುತ್ತದೆ, ರೋಲರು ತಿರುಗುತ್ತದೆ, ಸೈಕಲ್ಲು ನಿಂತಲ್ಲೇ ನಿಂತಿರುತ್ತದೆ. ತನ್ನವರೆಗೆ ಎಷ್ಟು ಬಲ ಬಂದು ಮುಟ್ಟಿತು ಎಂದು ಟ್ರೈನರು ತನ್ನ ಲೆಕ್ಕ ಹೇಳುತ್ತದೆ. ಒಂದೇ ಕಾಲು, ಒಂದೇ ತುಳಿತ, ಲೆಕ್ಕ ಮಾತ್ರ ಎರಡು. ಎರಡೂ ಸರಿ ಹೊಂದುವುದಿಲ್ಲ ಎಂದು ಸೈಕಲ್ ಹೊಡೆಯುವವರೆಲ್ಲ ಗೊಣಗುತ್ತಾರಂತೆ. ಎಷ್ಟು ಹೊಂದುವುದಿಲ್ಲ, ಯಾಕೆ ಹೊಂದುವುದಿಲ್ಲ ಎಂದು ಅಳೆಯುವುದೇ ನಮ್ಮ ಪ್ರಾಜೆಕ್ಟು. ತಂಡದಲ್ಲಿ ನಾವಿಬ್ಬರು. ಇನ್ನೊಬ್ಬಳು ಶಿರಸಿ ಕಡೆಯ ಹುಡುಗಿ, ಲೆಕ್ಕ ಮತ್ತು ಬರವಣಿಗೆ ಅವಳದು. ತುಳಿಯುವುದು ನನ್ನದು.

ಕಾಲೇಜಿನ ಲ್ಯಾಬಿನಲ್ಲಿ ಮೊದಲು ತೆಗೆದ ಅಂಕಿಗಳು ಚೆನ್ನಾಗಿದ್ದವು. ಕ್ರ್ಯಾಂಕು ನೂರೈವತ್ತು ಎಂದರೆ ಟ್ರೈನರು ನೂರ ನಲವತ್ತೈದು ಎನ್ನುತ್ತಿತ್ತು. ಹೀಗೇ ಇರಬೇಕಾದದ್ದು. ಚೈನಿನಲ್ಲಿ ಸ್ವಲ್ಪ, ಟಯರಿನಲ್ಲಿ ಸ್ವಲ್ಪ ಬಲ ದಾರಿಯಲ್ಲೇ ಖರ್ಚಾಗುತ್ತದೆ. ಮುಂದೆ ಪರೀಕ್ಷೆಯ ರಜೆ ಬಂತು, ಲ್ಯಾಬಿಗೆ ಬೀಗ ಬಿತ್ತು. ಇನ್ನೂ ಬೇಕಾದಷ್ಟು ಅಂಕಿ ಬಾಕಿ ಇತ್ತು. ಸರ್ “ಮನೆಗೆ ತಗೊಂಡು ಹೋಗಿ ಮಾಡ್ತೀಯೇನಮ್ಮ? ನನ್ನ ಸ್ವಂತದ್ದು ಇದು. ಹೇಗೆ ಕೊಟ್ಟಿದ್ದೀನೋ ಹಾಗೇ ವಾಪಸ್ ಬರಬೇಕು” ಎಂದರು.

ಸಾಮಾನು ಒಯ್ಯಲು ಮಾವಯ್ಯನ ಟೆಂಪೊವೇ ಬರಬೇಕಾಯಿತು. ಮಲ್ಪೆಯಲ್ಲಿ ಮೀನು ತುಂಬಿ ಬೈಂದೂರಿಗೆ ಹೋಗುವ ದಾರಿಯಲ್ಲಿ ಕಾಲೇಜಿನ ಗೇಟಿಗೆ ನಿಲ್ಲಿಸಿದರು. ಟ್ರೈನರನ್ನು ಎತ್ತಿ, ತಿರುಗಿಸಿ, ರೋಲರನ್ನು ಬೆರಳಿನಿಂದ ತಿರುಗಿಸಿ ಕಂಡರು.

“ಇದ್ ಎಂತ ಹೆಣ್ಣೇ?”

“ಇದ್ರ್ ಮೇಲ್ ಸೈಕಲ್ ಇಟ್ಟ್ ತುಳಿಯುದ್, ಮಾವಯ್ಯ. ಮುಂದ್ ಹೋತಿಲ್ಲ.”

“ಮುಂದ್ ಹೋತಿಲ್ಯಾ?”

“ಇಲ್ಲ.”

“ನಾಕ್ ವರ್ಷ ಕಲ್ತ್, ಎಲ್ಲಿಗೂ ಹೋಗ್ದಿದ್ ಸೈಕಲ್ ಮಾಡ್ದ್ರ್ಯಾ ನೀವ್? ಅದನ್ನ್ ಮನಿಗ್ ಕೊಂಡ್ಹೋಪುಕೆ ನನ್ ಟೆಂಪೊ ಬೇಕಾ? ಕಮಾಲ್ ಹೈ!”

ಮನೆಯ ಚಾವಡಿಯಲ್ಲಿ ಜಾಗ ಮಾಡಿ ಟ್ರೈನರು ಇಟ್ಟು, ಸರ್ ಅವರ ಸೈಕಲ್ಲನ್ನು ಅದಕ್ಕೆ ಬಿಗಿದೆವು. ಇದು ಸರ್ ಅವರ ಸ್ವಂತದ್ದು, ಹೇಗೆ ಕೊಟ್ಟರೋ ಹಾಗೆ ಹಿಂದೆ ಮುಟ್ಟಿಸಬೇಕು ಎಂದು ಅಪ್ಪಯ್ಯನಿಗೆ ಹೇಳಿದೆ. ಅಪ್ಪಯ್ಯ ಕಡಲ ಕಡೆಯ ಕಿಟಕಿಯನ್ನು ನೋಡಿದರು, ಟ್ರೈನರನ್ನು ನೋಡಿದರು, “ಆಯ್ತ್” ಎಂದರು.

ಆಮೇಲೆ ನಮ್ಮ ಚಾವಡಿಗೆ ಬಂದು ಹೋಗುವವರು ಹೆಚ್ಚಿದರು. ನಾನು ತಲೆ ಬಗ್ಗಿಸಿ ಬೆವರು ಸುರಿಸುತ್ತಾ ತುಳಿಯುತ್ತಿದ್ದರೆ, ಮೀನಿನ ಬುಟ್ಟಿ ಹೊತ್ತು ದಾರಿಯಲ್ಲಿ ಹೋಗುವ ನೆರೆಮನೆಯ ದೊಡ್ಡಮ್ಮ ಅಲ್ಲಿಂದಲೇ ಕೂಗುತ್ತಿದ್ದಳು: “ಹ್ವಾಯ್ ಹೆಣ್ಣೇ, ಎಲ್ಲಿ ಮುಟ್ಟಿದೆ? ಕುಂದಾಪ್ರ ದಾಟಿತಾ?”

“ಇನ್ನೂ ಇಲ್ಲ ದೊಡ್ಡಮ್ಮ, ಕೋಟೇಶ್ವರದಂಗೇ ಇದ್ದೆ!”

“ಹಾಂಗಾರೆ ಬಪ್ಪತಿಗೆ ಒಂದ್ ಕಟ್ಟ್ ವೀಳ್ಯದೆಲಿ ತಕಂಡ್ ಬಾ!”

ನಗು ಬಹಳ ದಿನ ಉಳಿಯಲಿಲ್ಲ. ಮನೆಯ ಅಂಕಿಗಳು ಹಾಳಾಗಿದ್ದವು. ನಿಧಾನವಾಗಿ ತುಳಿದಾಗ ಎರಡು ಲೆಕ್ಕವೂ ಹತ್ತಿರ ಹತ್ತಿರ ಇರುತ್ತಿದ್ದವು. ಜೋರಾಗಿ ತುಳಿದೆನೋ, ಕ್ರ್ಯಾಂಕು ಇನ್ನೂರು ಎನ್ನುವಾಗ ಟ್ರೈನರು ನೂರ ಎಪ್ಪತ್ತಕ್ಕೇ ನಿಲ್ಲುತ್ತಿತ್ತು. ಸಂಜೆ ಮತ್ತೆ ತುಳಿದರೆ ಅಂತರ ಕಡಿಮೆ. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಷ್ಟೇ. ನಾನು ಮಾಡಬೇಕಾದದ್ದನ್ನೆಲ್ಲ ಮಾಡುತ್ತಿದ್ದೆ. ಹತ್ತುವ ಮೊದಲು ಮೀಟರನ್ನು ಸೊನ್ನೆಗೆ ಕೂರಿಸುತ್ತಿದ್ದೆ. ಅಪ್ಪಯ್ಯ ಮೀನು ತೂಗುವ ಮೊದಲು ಬರಿದು ತಕ್ಕಡಿ ಎತ್ತಿ ಗಿರಾಕಿಗೆ ತೋರಿಸುತ್ತಾರಲ್ಲ, ಅದೇ ಕೆಲಸ. ಟಯರಿನ ಗಾಳಿ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ತುಳಿದು ಟಯರು ಬಿಸಿಯಾದ ಮೇಲೆಯೇ ಅಂಕಿ ತೆಗೆಯುತ್ತಿದ್ದೆ. ಮೀಟರಿನ ಬ್ಯಾಟರಿ ಬದಲಿಸಿದೆ. ಚೈನು ತೊಳೆದೆ. ಕೆಲವು ಸಲ ಜೋರು ತುಳಿತದಲ್ಲಿ ಕಾಲು ಹಗುರಾಗಿ ಮುಂದೆ ಓಡಿದ ಹಾಗೆ ಅನಿಸುತ್ತಿತ್ತು. ದಣಿವು ಎಂದುಕೊಂಡೆ.

ಬ್ರಹ್ಮಾವರಕ್ಕೆ ಹೋಗಿ ಸರ್ ಅವರಿಗೆ ಅಂಕಿ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ಬಹಳ ಹೊತ್ತು ನೋಡಿದರು.

“ನೋಡಮ್ಮ, ಈ ಟ್ರೈನರ್ ನನ್ನ ಹತ್ರ ಇಷ್ಟು ದಿನ ಇತ್ತು. ಯಾವತ್ತೂ ಹೀಗೆ ಮಾಡಿಲ್ಲ. ಕಾಲೇಜಲ್ಲಿ ನೀನೇ ತೆಗೆದಿದ್ದು ಸರಿ ಇತ್ತು. ಮನೆಯಲ್ಲಿ ತೆಗೆದಿದ್ದು ದಿನಕ್ಕೊಂದು ಥರ. ನಿಜವಾಗ್ಲೂ ತುಳಿದು ತೆಗೆದಿದ್ದಾ?”

ಆ ಪ್ರಶ್ನೆ ನನ್ನ ಮುಖಕ್ಕೆ ಬಡಿಯಿತು. “ತುಳಿದೇ ತೆಗೆದದ್ದು ಸರ್” ಎಂದೆ.

“ಸರಿ, ನಂಬ್ತೀನಿ. ಆದ್ರೆ ಕಾರಣ ಗೊತ್ತಿಲ್ಲದ ಅಂಕಿಗೆ ನಾನು ಸಹಿ ಹಾಕಕ್ಕಾಗಲ್ಲ. ಹೊರಗಿಂದ ಬಂದೋರು ಮೊದಲು ಕೇಳೋದೇ ಅದನ್ನ. ಕಾರಣ ಹುಡುಕು, ಇಲ್ಲಾ ಮುಂದಿನ ವರ್ಷ ಹೊಸದಾಗಿ ಮಾಡೋಣ.”

ಅವರು ಮೆತ್ತಗೇ ಹೇಳಿದರು. ಮುಂದಿನ ವರ್ಷ ಎಂಬ ಮಾತು ನನ್ನ ಮನೆಯಲ್ಲಿ ಏನೆಂದು ಅವರಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಕೋಟೇಶ್ವರ ದಾಟಿ ಕುಂದಾಪುರಕ್ಕೇ ಹೋಗಿ ಇಳಿದೆ, ಗಮನವೇ ಇರಲಿಲ್ಲ. ವಾಪಸು ಬರುವ ಬಸ್ಸು ಹಿಡಿದು ಬಂದೆ.

ಅನ್ನಕ್ಕೆ ಕೂತಾಗ ಅಪ್ಪಯ್ಯ ಕೇಳಿದರು: “ಎಂತ ಆಯ್ತ್ ಮಗಾ? ಸರ್ ಎಂತ ಅಂದ್ರ್?”

ವ್ಯಾಟು, ಕ್ರ್ಯಾಂಕು ಎಂದೆಲ್ಲ ಹೇಳಲು ಹೋಗಲಿಲ್ಲ. “ನೀವ್ ಬಂದರಂಗೆ ಪೆಟ್ಗಿಗ್ ಐಸ್ ತುಂಬ್ತ್ರಿ. ಹಾಲಾಡಿ ಮುಟ್ಟುವತಿಗೆ ಅಷ್ಟೇ ಇರತ್ತಾ?”

“ಎಲ್ಲಿ ಇರತ್ತ್? ದಾರಿಯಂಗೆ ಕರಗತ್ತ್.”

“ಇಲ್ಲೂ ಹಾಂಗೇ. ನನ್ ಕಾಲಂಗೆ ತುಂಬಿದ್ದೆಲ್ಲ ಗಾಲಿಗೆ ಮುಟ್ಟುದಿಲ್ಲ. ಸ್ವಲ್ಪ ಕರಗ್ಕೇ. ಕಾಲೇಜಂಗೆ ಸರೀ ಕರಗ್ತಿದ್ದಿತ್. ಮನಿಗ್ ಬಂದ್ ಮೇಲೆ ಸಿಕ್ಕಾಪಟ್ಟಿ ಕರಗ್ತಾ ಇತ್ತ್.”

ಅಪ್ಪಯ್ಯ ತುತ್ತು ಕೈಯಲ್ಲಿ ಹಿಡಿದೇ ಯೋಚಿಸಿದರು. “ಹಾಂಗಾರೆ ಪೆಟ್ಗಿ ಎಲ್ಲೋ ತೂತಾಯ್ತ್. ತೂತ್ ಹುಡ್ಕ್.”

“ಅದೇ ಸಿಕ್ತಿಲ್ಲ ಅಪ್ಪಯ್ಯ. ಸಿಗ್ದಿದ್ರೆ ಈ ವರ್ಷ ಡಿಗ್ರಿ ಇಲ್ಲ.”

ಅಮ್ಮ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಳು. ಅಪ್ಪಯ್ಯ ಉಳಿದ ಅನ್ನ ಬೇಗ ಉಂಡು ಎದ್ದರು. ಮರುದಿನದಿಂದ ಅಂಕಿಗಳು ಇನ್ನೂ ಕೆಟ್ಟವು. ಜೋರಾಗಿ ತುಳಿದರೆ ಟ್ರೈನರು ನನ್ನನ್ನು ಗುರುತೇ ಇಲ್ಲದವರಂತೆ ನಡೆಸಿಕೊಳ್ಳುತ್ತಿತ್ತು. ನಾನು ಇಪ್ಪತ್ತು ಹೆಚ್ಚು ಕೊಟ್ಟರೆ ಅದು ಐದು ಒಪ್ಪಿಕೊಳ್ಳುತ್ತಿತ್ತು. ಶಿರಸಿಯ ಗೆಳತಿ ಫೋನಿನಲ್ಲಿ ಅಳುವುದೊಂದು ಬಾಕಿ. ಟ್ರೈನರೇ ಕೆಟ್ಟಿದೆ, ಹಿಂದೆ ಕೊಟ್ಟು ಕೈಮುಗಿದುಬಿಡುವ ಎಂದು ನಾನೂ ಮನಸ್ಸು ಮಾಡಿದ್ದೆ.

ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂದಿತೆಂದು ಮಾವಯ್ಯನ ಮನೆಯ ಮಾಡಿನ ಒಡೆದ ಹಂಚು ಬದಲಿಸಿ ಕೈಯಾಡಿಸುವುದಕ್ಕೆ ಅಪ್ಪಯ್ಯ ಬೈಂದೂರಿಗೆ ಹೋದರು. ಎರಡು ದಿನ ಅಲ್ಲೇ ಉಳಿದರು. ಅವರು ಹೋದ ದಿನ ನಾನು ಬೇಸರದಲ್ಲೇ ತುಳಿದೆ, ಅಂಕಿ ಸ್ವಲ್ಪ ಸುಧಾರಿಸಿತ್ತು. ಮರುದಿನ ತುಳಿದೆ. ಕ್ರ್ಯಾಂಕು ಇನ್ನೂರು, ಟ್ರೈನರು ನೂರ ತೊಂಬತ್ತನಾಲ್ಕು. ಕಾಲೇಜಿನ ಅಂಕಿಯೇ. ಇಳಿದು ನೀರು ಕುಡಿದು ಮತ್ತೆ ಹತ್ತಿದೆ. ಅದೇ. ಖುಷಿಯಿಂದ ಕುಣಿಯುವುದೊಂದೇ ಬಾಕಿ. ಅಪ್ಪಯ್ಯ ಬಂದರು. ಅವರು ಬಂದ ಮರುದಿನ ಬೆಳಿಗ್ಗೆ ಲೆಕ್ಕ ಮತ್ತೆ ಬಿದ್ದುಹೋಯಿತು.

ಅಪ್ಪಯ್ಯ ಇಲ್ಲದ ದಿನ ಸರಿ, ಅಪ್ಪಯ್ಯ ಇದ್ದ ದಿನ ತಪ್ಪು. ಎಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಸೂತ್ರವಿಲ್ಲ. ಆದರೂ ಸೈಕಲ್ಲಿನಿಂದ ಇಳಿದು, ಮೊಣಕಾಲೂರಿ ಕುಳಿತು, ರೋಲರಿಗೆ ಬೆರಳು ಒತ್ತಿ ಎಳೆದೆ. ಬೆರಳು ಜಾರಿತು. ಮೂಗಿನ ಹತ್ತಿರ ಹಿಡಿದೆ. ನಮ್ಮ ಮನೆಯ ಬೀಗದ ವಾಸನೆ. ಕತ್ತಿಯ ವಾಸನೆ. ಹುಟ್ಟಿದಂದಿನಿಂದ ಮೂಗಿನಲ್ಲೇ ಇದ್ದ ವಾಸನೆಯಾದ್ದರಿಂದ ಇಷ್ಟು ದಿನ ಅದು ವಾಸನೆ ಎಂದೇ ನನಗೆ ತೋರಿರಲಿಲ್ಲ.

ಮಧ್ಯಾಹ್ನ ಅಪ್ಪಯ್ಯ ಹಾಲಾಡಿಯಿಂದ ಬಂದು ಪೆಟ್ಟಿಗೆ ತೊಳೆಯುತ್ತಿದ್ದಾಗ ಕೇಳಿದೆ: “ಅಪ್ಪಯ್ಯ, ಆ ರೋಲರಿಗೆ ಎಣ್ಣಿ ಹಚ್ಚಿದ್ದ್ ಯಾರ್?”

“ನಾನೇ. ಎಂತಕೆ?”

“ನೀವ್ ಎಂತಕ್ ಹಚ್ಚಿದ್ದ್?”

“ಕಬ್ಣ ಅಲ್ದಾ ಅದ್? ಹಾಂಗೇ ಬಿಟ್ರೆ ಗಾಳಿ ತಿಂತ್ತ್. ಸರ್ ವಸ್ತು, ಕೊಟ್ಟ್ ಹಾಂಗೇ ಕೊಡ್ಕ್ ಅಂದ್ಯಲೆ. ದಿನಾ ಬೆಳಿಗ್ಗೆ ಒಂಚೂರ್ ಒರ್ಸ್ತೆ, ಕಾಣದ್ ಹಾಂಗೆ.” ಆಮೇಲೆ, ಒಳ್ಳೆಯ ಸುದ್ದಿ ಹೇಳುವವರ ಹಾಗೆ: “ನೀ ಬಲ ಕರಗ್ತ್ ಅಂದ್ ಮೇಲೆ, ಗಾಲಿ ಬಿಗಿ ಆಯ್ತ್ ಕಾಣ್ತ್ ಅಂದ್ಕಂಡ್ ಜಾಸ್ತಿಯೇ ಹಾಕ್ದೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪಯ್ಯ ರಸ್ತೆಗೆ ಎಂದಾದರೂ ಎಣ್ಣೆ ಸುರಿದಾರೇ? ಟಯರಿಗೆ ಎಣ್ಣೆ ತಾಗಿದರೆ ಜಾರುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಅವರು. ಆದರೆ ಅವರ ಕಣ್ಣಿಗೆ ಈ ರೋಲರು ರಸ್ತೆಯಲ್ಲ. ಕಡಲ ಬದಿಯಲ್ಲಿ ಬರಿಮೈಯಲ್ಲಿ ಕೂತ ಕಬ್ಬಿಣ. ಅದೂ ಬೇರೆಯವರದ್ದು.

“ಅಪ್ಪಯ್ಯ,” ಎಂದೆ, “ಈ ಸೈಕಲ್ಲಿಗೆ ರಸ್ತೆ ಅಂದ್ರೆ ಆ ರೋಲರೇ.”

ಅವರ ಕೈ ಪೆಟ್ಟಿಗೆಯೊಳಗೇ ನಿಂತಿತು. ಅರ್ಥವಾಗಲು ಇನ್ನೊಂದು ಮಾತು ಬೇಕಾಗಲಿಲ್ಲ. ನೀರಿನ ಚೆಂಬು ಕೆಳಗಿಟ್ಟರು. “ಅಯ್ಯೋ ದೇವ್ರೇ. ತೂತ್ ನಾನೇಯಾ?” ಎಂದರು.

ಆ ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಸಂಜೆ ಅಂಗಳದಲ್ಲಿ ಮೊಪೆಡ್ಡಿನ ಹತ್ತಿರ ಸುಮ್ಮನೆ ಕುಳಿತಿದ್ದರು. ಎಣ್ಣೆ ಬಟ್ಟೆ ಎಲ್ಲಿ ಎಂದು ಅಮ್ಮ ಹುಡುಕಿದರೆ, ಅದನ್ನು ಅವರು ಒಲೆಗೆ ಹಾಕಿ ಆಗಿತ್ತು. “ನಿನ್ ಒಂದ್ ವರ್ಷ ನಾ ತಿಂದೆ ಮಗಾ” ಎಂದರು. ಮಾವಯ್ಯನ ಮಾತು ಅವರ ಕಿವಿಯಲ್ಲೂ ಇದ್ದಿರಬೇಕು. ಆಪುದಲ್ಲ ಎಂದದ್ದನ್ನು ತಾನೇ ನಿಜ ಮಾಡಿದೆ ಎಂಬ ಮುಖ.

ನಾನು ಆಗ ಹೇಳಿದ್ದು ಸಮಾಧಾನದ ಮಾತಲ್ಲ, ನನಗೆ ನಿಜವಾಗಿ ಬೇಕಾಗಿದ್ದದ್ದನ್ನೇ ಕೇಳಿದೆ. “ತೂತ್ ಸಿಕ್ತಲೆ, ಅದೇ ಬೇಕಿದ್ದಿತ್. ಈಗ ಅದನ್ನ್ ಸರ್‌ಗೆ ತೋರ್ಸ್ಕ್. ಬರೀ ಬಾಯಂಗ್ ಹೇಳ್ರೆ ನಂಬುದಿಲ್ಲ. ಹೊಸ ಬಟ್ಟಿ ತಕಣಿ. ನಾಳಿಂದ ನಿಮ್ಗ್ ಮನ್ಸ್ ಬಂದ್ ದಿನ ಹಚ್ಚಿ, ಮನ್ಸ್ ಬಂದ್ ದಿನ ಬಿಡಿ, ಹಳಿ ಎಣ್ಣಿ ಸೋಪಂಗ್ ತೊಳ್ದ್ ಬಿಡಿ. ನಂಗ್ ಮಾತ್ರ ಹೇಳ್ಬೇಡಿ. ತುಳ್ದ್ ನಾನೇ ಹೇಳ್ತೆ.”

“ಹಚ್ಚುದಾ? ಮತ್ತೆ ಹಚ್ಚುದಾ?”

“ಹೌದ್, ಹಚ್ಕ್.”

ಅವರಿಗೆ ಇದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖಕ್ಕೆ ಜೀವ ಬಂತು. ಮೊದಲು ಅಮ್ಮನಿಗೆ ಮಾತ್ರ ಗುಟ್ಟು ಹೇಳಿ ಹೋಗುತ್ತಿದ್ದರು. ಅದು ನಡೆಯಲಿಲ್ಲ. ಎಣ್ಣೆ ಹಚ್ಚಿದ ದಿನ ಅಮ್ಮ, ನಾನು ಕೇಳುವ ಮೊದಲೇ, “ನಂಗೆಂತ ಗೊತ್ತಿಲ್ಲ ಅಕಾ!” ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. ಹಚ್ಚದ ದಿನ ಮಾತೇ ಇಲ್ಲ. ಇದು ಪರೀಕ್ಷೆಯೇ ಅಲ್ಲ ಎಂದು ಅಪ್ಪಯ್ಯನಿಗೇ ಹೊಳೆಯಿತು. ಅವರು ಬೇರೆ ಉಪಾಯ ಮಾಡಿದರು. ಜಗಲಿಯ ಮೂಲೆಯಲ್ಲಿ ಮೀನಿನ ಬುಟ್ಟಿಯೊಂದನ್ನು ಕವುಚಿ ಇಟ್ಟರು. ಎಣ್ಣೆ ಹಚ್ಚಿದ ದಿನ ಅದರಡಿ ಒಂದು ಕಪ್ಪೆಚಿಪ್ಪು. ಹಚ್ಚದ ದಿನ ಏನೂ ಇಲ್ಲ. ಅವರು ಹಾಲಾಡಿಯಿಂದ ಬಂದ ಮೇಲೆ ನಾನು ನನ್ನ ಲೆಕ್ಕ ಹೇಳಬೇಕು, ಆಮೇಲೆ ಅವರು ಬುಟ್ಟಿ ಎತ್ತಬೇಕು. ಅದಕ್ಕೆ ಮೊದಲು ಬುಟ್ಟಿ ಮುಟ್ಟಿದರೆ ಅಮ್ಮನಿಗೂ ಬೈಗುಳ.

“ಇವತ್ತ್ ಎಣ್ಣಿ ಇತ್ತ್” ಎನ್ನುತ್ತಿದ್ದೆ. ಬುಟ್ಟಿ ಎತ್ತಿದರೆ ಚಿಪ್ಪು. “ಇವತ್ತ್ ಇಲ್ಲ” ಎನ್ನುತ್ತಿದ್ದೆ. ಬರಿ ನೆಲ. ನೆರೆಮನೆಯ ದೊಡ್ಡಮ್ಮ ಇದನ್ನು ಕವಡೆ ಹಾಕಿ ಪ್ರಶ್ನೆ ಕೇಳುವಂಥ ಯಾವುದೋ ಕ್ರಮವೆಂದು ತಿಳಿದು, ಕಳೆದುಹೋದ ತನ್ನ ಕೋಳಿಯ ಬಗ್ಗೆಯೂ ಒಮ್ಮೆ ಕೇಳಿ ನೋಡು ಎಂದಳು.

ಒಂದು ದಿನ ಮಾತ್ರ ನಾನು ಸಿಕ್ಕಿಬಿದ್ದೆ. ಅಂಕಿ ಎಣ್ಣೆಯದ್ದೂ ಅಲ್ಲ, ಎಣ್ಣೆ ಇಲ್ಲದ್ದೂ ಅಲ್ಲ, ನಡುವೆ ಎಲ್ಲೋ ಇತ್ತು. ಎರಡು ಸಲ ತುಳಿದೆ, ಹಾಗೇ. ಅಪ್ಪಯ್ಯ ಬಂದು ಬುಟ್ಟಿಯ ಹತ್ತಿರ ಕುಳಿತರು.

“ಹೇಳ್.”

“ಗೊತ್ತಾತಿಲ್ಲ ಅಪ್ಪಯ್ಯ. ಇದ್ದ್ ಹಾಂಗೂ ಇತ್ತ್, ಇಲ್ದಿದ್ ಹಾಂಗೂ ಇತ್ತ್.”

ಅಪ್ಪಯ್ಯ ಕಳ್ಳ ಸಿಕ್ಕಿಬಿದ್ದ ಹಾಗೆ ನಕ್ಕರು. ಬುಟ್ಟಿ ಎತ್ತಿದರು. ಅಡಿಯಲ್ಲಿ ಅರ್ಧ ಮುರಿದ ಚಿಪ್ಪು. “ಹಚ್ದೆ. ಮತ್ತೆ ಮನ್ಸ್ ತಡಿಲ್ಲ. ಒಣ ಬಟ್ಟಿಯಂಗೆ ಒರ್ಸ್‌ಬಿಟ್ಟೆ” ಎಂದರು.

ಆ ಅರ್ಧ ಚಿಪ್ಪಿನ ದಿನವೇ ನನ್ನ ಪ್ರಾಜೆಕ್ಟಿನ ಒಳ್ಳೆಯ ದಿನ. ಎಣ್ಣೆ ಎಷ್ಟೋ ಜಾರು ಅಷ್ಟು, ಜಾರು ಎಷ್ಟೋ ನಷ್ಟ ಅಷ್ಟು ಎಂದು ಅದರಿಂದ ತೋರಿಸಲು ಆಯಿತು. ಟಯರು ರೋಲರನ್ನು ಹಿಡಿಯದೆ ಜಾರಿದರೆ ಕಾಲಿನ ಬಲ ಅಲ್ಲೇ ಬಿಸಿಯಾಗಿ ಹೋಗುತ್ತದೆ, ಟ್ರೈನರಿನ ಲೆಕ್ಕಕ್ಕೆ ಬರುವುದೇ ಇಲ್ಲ. ನಿಧಾನ ತುಳಿದಾಗ ಹಿಡಿತ ಸಾಲುತ್ತದೆ, ಜೋರು ತುಳಿದಾಗ ಸಾಲುವುದಿಲ್ಲ. ತುಳಿದಂತೆ ಎಣ್ಣೆ ಸವೆದು ಹೋಗುವುದರಿಂದ ಸಂಜೆ ಅಂತರ ಕಡಿಮೆ, ಬೆಳಿಗ್ಗೆ ಹೊಸ ಎಣ್ಣೆ ಬಿದ್ದಾಗ ಮತ್ತೆ ಹೆಚ್ಚು. ತಿಂಗಳಿಡೀ ನನ್ನನ್ನು ತಿಂದ ಅಂಕಿಗಳೆಲ್ಲ ಒಂದೊಂದಾಗಿ ತಮ್ಮ ಜಾಗದಲ್ಲಿ ಕೂತವು. ಗೆಳತಿ ಫೋನಿನಲ್ಲಿ, “ನಿನ್ನ ಅಪ್ಪನ್ನ ನಮ್ಮ ತಂಡಕ್ಕೆ ಸೇರಿಸಿಕೊಳ್ಳೋಣ ಮಾರಾಯ್ತಿ” ಎಂದಳು.

ಸರ್ ಓದಿದರು. ಮೊದಲ ಪುಟದಿಂದ ಕೊನೆಯವರೆಗೆ ಓದಿ, ಟ್ರೈನರನ್ನು ಮೇಜಿನ ಮೇಲೆ ತರಿಸಿದರು. ತಲೆಕೆಳಗು ಮಾಡಿ ಮೊಳೆ, ತಿರುಪು, ಮೂಲೆಗಳನ್ನೆಲ್ಲ ನೋಡಿದರು.

“ಕಡಲ ಪಕ್ಕ ಇಷ್ಟು ದಿನ ಇತ್ತಲ್ಲಮ್ಮ ಇದು?”

“ಹೌದು ಸರ್.”

“ಒಂದು ಚುಕ್ಕೆ ತುಕ್ಕಿಲ್ಲ. ನನ್ನ ಮನೆಯಲ್ಲಿದ್ದಾಗಲೇ ಈ ತಿರುಪಿಗೆ ಸ್ವಲ್ಪ ತುಕ್ಕಿತ್ತು.” ಪೆನ್ನು ತೆಗೆದು ಸಹಿ ಹಾಕಿದರು.

ಹೊರಗಿನಿಂದ ಬಂದ ಪರೀಕ್ಷಕರು ವರದಿ ಮಗುಚಿ ನನ್ನನ್ನೇ ನೋಡಿದರು. “ಎಣ್ಣೆ ಹಚ್ಚುವವರಿಗೆ ಮಾತ್ರ ಗೊತ್ತಿರುವಂತೆ ಪ್ರಯೋಗ ಮಾಡಲಾಯಿತು ಅಂತ ಬರೆದಿದ್ದೀರಿ. ಯಾರು ಹಚ್ಚಿದ್ದು?”

ಬಸ್ಸಿನಲ್ಲಿ ಬರುವಾಗ ಈ ಪ್ರಶ್ನೆಗೆ ‘ಒಬ್ಬ ಸಹಾಯಕರು’ ಎಂಬ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬಾಯಿ ತೆರೆದಾಗ “ನನ್ನ ತಂದೆ, ಸರ್. ಮೀನು ಮಾರುತ್ತಾರೆ” ಎಂದೇ ಬಂತು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳಿದರು. ಟಯರಿನ ಗಾಳಿ ಕಡಿಮೆಯಾದರೆ ಏನಾಗುತ್ತದೆ ಎಂದು. ಹೇಳಿದೆ. ಇನ್ನೊಂದು ಕೇಳಿದರು. ಅದನ್ನೂ ಹೇಳಿದೆ. ಅಷ್ಟೇ ಆದದ್ದು. ದೊಡ್ಡ ಮಾತುಗಳೇನೂ ಯಾರಿಂದಲೂ ಬರಲಿಲ್ಲ. ಪಾಸಾಯಿತು.

ಪದವಿ ಪತ್ರ ಕೊಡುವ ದಿನ ಅಪ್ಪಯ್ಯ, ಅಮ್ಮನನ್ನು ಮಾವಯ್ಯ ಟೆಂಪೊದಲ್ಲೇ ಕರೆದುಕೊಂಡು ಬಂದರು. ಮೂರು ಸಲ ತೊಳೆದದ್ದಂತೆ, ಆದರೂ ಬಂಗುಡೆಯ ವಾಸನೆ ಕಾಲೇಜಿನ ಅಂಗಳದವರೆಗೆ ಬಂದಿತ್ತು. ಅಮ್ಮ ಸಭಾಂಗಣದಲ್ಲಿ ನಡುವಿನ ಸಾಲಿನಲ್ಲಿ ಕುಳಿತಿದ್ದಳು. ಅಪ್ಪಯ್ಯ ಗೋಡೆಗೆ ತಾಗಿ ನಿಂತೇ ಇದ್ದರು. ಮಾವಯ್ಯ ಮಾತ್ರ ಮುಂದಿನ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಯಾರೋ ಬಂದು, ಅದು ಅತಿಥಿಗಳದ್ದು ಎಂದು ಎಬ್ಬಿಸಿದರು. ಕಪ್ಪು ಗೌನಿನಲ್ಲಿ ವೇದಿಕೆ ಹತ್ತುವಾಗ ನನ್ನ ಕಾಲು ನಡುಗಲಿಲ್ಲ. ಇಷ್ಟು ತುಳಿದ ಕಾಲು.

ಹೊರಗೆ ಮರದಡಿ ಟೆಂಪೊದ ಹತ್ತಿರ ಎಲ್ಲರೂ ಸೇರಿದೆವು. ನಾನು ಪತ್ರವನ್ನು ಅಪ್ಪಯ್ಯನ ಮುಂದೆ ಹಿಡಿದೆ. ಅವರು ಕೈ ಚಾಚಿದವರು ಹಿಂದೆ ತೆಗೆದುಕೊಂಡರು. ಬರುವಾಗ ಟೆಂಪೊದ ಬಾಗಿಲು ಕಿರುಗುಟ್ಟಿತೆಂದು ದಾರಿಯಲ್ಲಿ ನಿಲ್ಲಿಸಿ ಅದರ ತಿರುಗಣಿಗೆ ಎಣ್ಣೆ ಬಿಟ್ಟಿದ್ದರಂತೆ. ಅಂಗೈ ಇನ್ನೂ ಹೊಳೆಯುತ್ತಿತ್ತು. “ನಿನ್ ಮಾವಯ್ಯಂಗ್ ಕೊಡ್” ಎಂದರು.

ಮಾವಯ್ಯನ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುದ್ರೆ ನೋಡಿದರು, ನನ್ನ ಹೆಸರಿನ ಮೇಲೆ ಬೆರಳು ತಾಗಿಸದೆ ಗಾಳಿಯಲ್ಲೇ ಒಂದು ಗೆರೆ ಎಳೆದರು, ಹಿಂದೆ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಹೆಗಲಿನ ಟವೆಲ್ಲು ತೆಗೆದು ಅಪ್ಪಯ್ಯನ ಕಡೆ ಎಸೆದರು.

“ಆಪುದಲ್ಲ ಅಂದದ್ದ್ ನಾನೇ, ಆಯ್ತ್ ಅಂಬುಕೂ ನಾನೇ ಬೇಕಲೆ. ಆಯ್ತ್ ಹೆಣ್ಣೇ. ಭಾವ, ಕೈ ಒರ್ಸ್ಕಣಿ, ಹಿಡ್ಕಣಿ. ಹ್ವಾಯ್, ಇದ್ ಕಬ್ಣ ಅಲ್ಲ ಮಾರಾಯ್ರೆ, ನಾಳಿ ಬೆಳಿಗ್ಗೆ ಎದ್ದ್ ಇದ್ಕೆ ಎಣ್ಣಿ ಹಚ್ಚುಕ್ ಹೋಪ್ದ್ ಬ್ಯಾಡ.”